ಇಪ್ಪತ್ತಮೂರನೇ ಫಾರಂ

ಮುನಿವೆಂಕಟಯ್ಯನ ಗಂಟಲು ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರವೆಂಬ ಹಳೇ ಊರಿಗೆ ಸೇರಿದ ಸಾರ್ವಜನಿಕ ಆಸ್ತಿ. ಕೆರೆ ಒತ್ತುವರಿ ಮಾಡಿದವರ ವಿರುದ್ಧ ಕೂಗಿದ್ದು ಅದೇ ಗಂಟಲು, ನಲ್ಲಿ ನೀರಿಗಾಗಿ ಯಲಹಂಕದವರೆಗೆ ನಡೆದು ಧಿಕ್ಕಾರ ಹಾಕಿದ್ದೂ ಅದೇ. ಎರಡು ಸಲ ಜೈಲಿಗೂ ಹೋಗಿಬಂದಿದೆ (ಮೈ ಸುಮ್ಮನೆ ಜೊತೆಗೆ ಹೋಗಿತ್ತು). ಇಂಥ ಗಂಟಲಿಗೆ ಒಂದು ವರ್ಷ ಬೀಗ ಬಿತ್ತು. ಆ ಬೀಗ ಮಾಡಿಕೊಟ್ಟವನೂ ಅವನೇ ಅನ್ನುವುದು ಇನ್ನೂ ದೊಡ್ಡ ಸಂಕಟ.

ಆದದ್ದು ಇಷ್ಟು. ಬೀದಿಯ ಮೋರಿ, ಕಸ, ಗದ್ದಲ ಎಲ್ಲವನ್ನೂ ಉದ್ಧಾರ ಮಾಡುವ ಯೋಜನೆ ಹಿಡಿದುಕೊಂಡು ಒಂದು ಸಂಸ್ಥೆಯವರು ಬಂದರು. ಮೊದಲು ಮನೆಮನೆ ಸರ್ವೆ ಆಗಬೇಕಂತೆ. ಸರ್ವೆಗೆ ಬಂದ ಹುಡುಗಿ ಶಿಲ್ಪ. ಅವಳ ಫಾರಂ ತುಂಬಾ ಪ್ರಶ್ನೆ: ಮನೆಯಲ್ಲಿ ಯಾರಿಗೆ ಶುಗರು, ಯಾರು ಕುಡಿಯುತ್ತಾರೆ, ಬೀದಿಯಲ್ಲಿ ಯಾವ ಶಬ್ದ ನಿಮ್ಮ ನಿದ್ದೆ ಕೆಡಿಸುತ್ತದೆ. ಬೀದಿ ಸಮಿತಿಯ ಅಧ್ಯಕ್ಷನಾದ ಮುನಿವೆಂಕಟಯ್ಯ ಅರಳಿಕಟ್ಟೆ ಹತ್ತಿ ಮೈಕ್ ಹಿಡಿದ.

"ಏನಮ್ಮಾ, ನಮ್ ಜನದ ಗುಟ್ಟು ಅಂದ್ರೆ ಬೀದಿ ನಲ್ಲಿ ಅಂದ್ಕೊಂಡ್ಯಾ, ಬಂದೋರೆಲ್ಲ ಬಿಂದಿಗೆ ಇಡಾಕೆ? ಹೆಸ್ರು ಬರೀಕೂಡ್ದು. ಫೋನ್ ನಂಬರ್ ಕೂಡ್ದು. ಆಧಾರ್ ಅಂದ್ರೋ, ಇಲ್ಲೇ ಧರಣಿ ಕುಂತ್ಕಂತೀನಿ!"

"ನಾವು ಅವನ್ನೆಲ್ಲ ಕೇಳೋದೇ ಇಲ್ಲ ಅಂಕಲ್," ಅಂದಳು ಶಿಲ್ಪ ತಣ್ಣಗೆ. "ಫಾರಂ ಮೇಲೆ ಒಂದು ನಂಬರ್ ಅಷ್ಟೆ. ಯಾವ ನಂಬರ್ ಯಾರ್ದು ಅನ್ನೋ ಪಟ್ಟಿ ಬೇರೆ, ಅದು ನಮ್ಮ ಆಫೀಸಲ್ಲಿರತ್ತೆ."

ಎದುರಾಳಿ ಇಷ್ಟು ಸಲೀಸಾಗಿ ಒಪ್ಪಿಬಿಟ್ಟರೆ ಹೋರಾಟಗಾರನಿಗೆ ಆಗುವ ಬೇಜಾರು ಅನುಭವಿಸಿದವರಿಗೇ ಗೊತ್ತು. ಅವನು ಬೇಡಿಕೆ ಏರಿಸಿದ. ತುಂಬಿದ ಫಾರಂ ಊರು ಬಿಡಬಾರದು, ಶಿಲ್ಪ ಇಲ್ಲೇ ಕೂತು ಲೆಕ್ಕ ಹಾಕಬೇಕು. ಫಾರಂಗಳು ಟ್ರಂಕಿನಲ್ಲಿರಬೇಕು, ಟ್ರಂಕಿಗೆ ಬೀಗ ಇರಬೇಕು, ಬೀಗದ ಕೈ ಬೀದಿಯ ಹೆಂಗಸೊಬ್ಬಳ ಹತ್ತಿರ ಇರಬೇಕು. ಕೊನೆಗೆ ಮೈಕ್ ಕಿರುಗುಟ್ಟುವಂತೆ ಗುಡುಗಿದ: "ಕದ್ದು ಓದಿದೋನು ಇದೇ ಕಟ್ಟೆ ಮ್ಯಾಲೆ ನಿಂತು ತಪ್ಪೊಪ್ಕಬೇಕು! ಆಮ್ಯಾಕೆ ಒಂದ್ ವರ್ಸ ಸಭೇಲಿ ಬಾಯಿ ಬಿಡಂಗಿಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಬೀಗದ ಕೈಗೆ ತನ್ನ ಹೆಂಡತಿ ಮಾರಮ್ಮನ ಹೆಸರನ್ನು ತಾನೇ ಸೂಚಿಸಿದ. ಟ್ರಂಕೂ ಅವನದೇ, ಚಳವಳಿಯ ಕಾಲದಲ್ಲಿ ಕರಪತ್ರ ತುಂಬಿಡುತ್ತಿದ್ದ ತಗಡಿನ ಟ್ರಂಕು. ಹೆಂಡತಿಯ ಹತ್ತಿರ ಇದ್ದರೆ ತನ್ನ ಹತ್ತಿರ ಇದ್ದಂತೆಯೇ ಎಂದು ಅವನ ಲೆಕ್ಕ. ಮಾರಮ್ಮ ಬೀಗದ ಕೈಯನ್ನು ತಾಳಿಯ ಪಿನ್ನಿಗೆ ಸಿಕ್ಕಿಸಿಕೊಂಡಳು. ಅಲ್ಲಿಗೆ ಆ ಲೆಕ್ಕ ತಪ್ಪಿತು.

ಎರಡು ವಾರ ಶಿಲ್ಪ ಮನೆಮನೆ ಸುತ್ತಿದಳು. ಒಂದು ದಿನ ಇವರ ಜಗಲಿಯಲ್ಲಿ ಕಾಫಿ ಕುಡಿಯುತ್ತ ಅಂದಳು: "ಶಬ್ದದ ಪ್ರಶ್ನೆಗೆ ಎಲ್ಲರೂ ಒಂದೊಂದು ಸಾಲು ಹೇಳಿದಾರೆ ಅಂಕಲ್. ಒಬ್ಬರು ಮಾತ್ರ ಎರಡು ಪುಟ ಬರೆಸಿದಾರೆ."

"ಯಾರು?"

"ನಿಮ್ಮ ರೂಲ್ಸ್, ಹೇಳಂಗಿಲ್ಲ."

"ಏನಂತ ಬರೆಸವ್ರೆ?"

"ಅದೂ ನಿಮ್ಮ ರೂಲ್ಸೇ."

ಎರಡು ಪುಟ! ಅಧ್ಯಕ್ಷನಿಗೆ ಗೊತ್ತಿಲ್ಲದ ಎರಡು ಪುಟದ ಸಂಕಟ ಈ ಬೀದಿಯಲ್ಲಿ ಯಾರಿಗಿದೆ? ಮಧ್ಯಾಹ್ನದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಅವನು ಹೆಂಡತಿಯ ಹಿಂದೆ ಬಿದ್ದ.

"ಆ ಕೀ ಒಸಿ ಕೊಡು. ಟ್ರಂಕಲ್ಲಿ ಜಿರಳೆ ಸೇರ್ಕಂಡಿದ್ರೆ ಜನದ ಗುಟ್ಟೆಲ್ಲ ತಿಂದಾಕ್ಬಿಡ್ತವೆ."

"ತಿನ್ಲಿ ಬಿಡಿ. ಜಿರಳೆ ಯಾರ್ಗೂ ಯೋಳಕ್ಕಿಲ್ಲ."

"ನಾನು ಅಧ್ಯಕ್ಷ ಕಣೇ!"

"ಅಧ್ಯಕ್ಷ ಕಟ್ಟೆ ಮ್ಯಾಲೆ. ಇಲ್ಲಿ ಸೊಪ್ಪು ಬಿಡ್ಸಿ."

ಅವನು ಅಡುಗೆಮನೆ ಬಾಗಿಲಲ್ಲಿ ಅನಿರ್ದಿಷ್ಟಾವಧಿ ಧರಣಿ ಕೂತ. ನಾಲ್ಕು ಜನ ಪೊಲೀಸರು ಎತ್ತಲಾರದೆ ಬಿಟ್ಟುಹೋಗಿದ್ದ ದೇಹವನ್ನು ಮಾರಮ್ಮ ನೆಲ ಒರೆಸುವ ಒದ್ದೆ ಬಟ್ಟೆಯೊಂದರಿಂದ ಎಬ್ಬಿಸಿದಳು.

ಆದರೆ ಆ ಟ್ರಂಕಿಗೂ ಒಂದು ಗುಟ್ಟಿತ್ತು. ಮುಚ್ಚಳದ ಹಿಂಬದಿಯ ಕಂಬಿ ಎಳೆದರೆ, ಮುಂದಿನ ಬೀಗ ಹಾಕಿದ ಹಾಗೇ ಇದ್ದು ಮುಚ್ಚಳ ಹಿಂದಿನಿಂದ ಏಳುತ್ತಿತ್ತು. ಪೊಲೀಸರು ಬೀಗ ಅಲ್ಲಾಡಿಸುತ್ತ ನಿಂತಾಗ ಕರಪತ್ರ ಸಾಗಿಸಲು ಕಂಡುಕೊಂಡ ಉಪಾಯ ಅದು. ಮಾರಮ್ಮ ರೇಷನ್ ತರಲು ಹೋದ ಮಧ್ಯಾಹ್ನ ಕ್ರಾಂತಿಕಾರಿ ತನ್ನ ಟ್ರಂಕನ್ನೇ ದೋಚಿದ.

ಫಾರಂ ನಂಬರ್ ಇಪ್ಪತ್ತಮೂರು. ಶಿಲ್ಪಳ ದುಂಡಗಿನ ಅಕ್ಷರ.

'ಬೆಳಗ್ಗೆ ಐದಕ್ಕೆ ಒಬ್ಬರು ಮೋರಿ ಪಕ್ಕ ನಿಂತು ನಾಲಿಗೆ ಉಜ್ಜುತ್ತಾರೆ. ಆ ಶಬ್ದಕ್ಕೆ ನಾಯಿಗಳು ವಿದ್ಯಾರಣ್ಯಪುರದ ಕಡೆ ಓಡುತ್ತವೆ. ಕರುಳೇ ಆಚೆ ಬಂತು ಅನ್ನಿಸುತ್ತದೆ, ಆದರೆ ಬರುವುದಿಲ್ಲ. ಹೀಗೆ ಮೂರು ಸಲ. ಆಮೇಲೆ ಕಾಫಿ ತಣ್ಣಗಿದೆ ಎಂದು ಕೂಗಾಟ. ಹೇಳಿದರೆ ಕೇಳುವವರಲ್ಲ, ಹೋರಾಟಗಾರರಂತೆ...'

ಇನ್ನೂ ಒಂದೂವರೆ ಪುಟ ಇತ್ತು. ಅವನು ಮುಂದೆ ಓದಲಿಲ್ಲ. ಕಿವಿ ಕೆಂಪಾಗಿತ್ತು.

ಹೆಸರಿಲ್ಲದ ಫಾರಂಗೆ ಹೆಸರು ಹುಡುಕುವ ಪೊಲೀಸ್ ಕೆಲಸಕ್ಕೆ ಇಳಿದ. ಮೋರಿ ಎದುರಿಗೆ ಯಾರ ಕಿಟಕಿ? ಬೈರಣ್ಣನದು! ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಎದುರು ಮನೆ ಬೈರಣ್ಣ. ನೀರು ಬಂದದ್ದು ಯಾರ ಗಂಟಲಿನಿಂದ ಎನ್ನುವುದನ್ನೂ ಮರೆತ ಕೃತಘ್ನ! ಇರಲಿ, ನಾಳೆಯಿಂದ ದೂರಲು ಒಂದು ಸದ್ದೂ ಸಿಗಬಾರದು ಅವನಿಗೆ.

ಮಾರನೇ ಬೆಳಗ್ಗೆ ಮುನಿವೆಂಕಟಯ್ಯ ಕಳ್ಳನ ಹಾಗೆ ನಾಲಿಗೆ ಉಜ್ಜಿದ. ಕಣ್ಣಲ್ಲಿ ನೀರು ಸುರಿಯಿತು, ಸದ್ದು ಬರಲಿಲ್ಲ. ಆರು ಗಂಟೆಗೆ ಎದುರು ಮನೆ ಬಾಗಿಲು ದಡಾರನೆ ತೆರೆಯಿತು. ಅಂಗಿಯನ್ನು ಉಲ್ಟಾ ಹಾಕಿಕೊಂಡಿದ್ದ ಬೈರಣ್ಣ ಓಡಿಬಂದ.

"ಯೆಂಕಟಣ್ಣಾ! ಉಸಿರಾಡ್ತಾ ಇದೀಯಾ? ಏನಾಯ್ತು ನಿನ್ ಗಂಟ್ಲಿಗೆ? ನಿನ್ ಸದ್ದಿಗೇ ಅಲ್ವಾ ನಾನ್ ಏಳೋದು! ಫಸ್ಟ್ ಶಿಫ್ಟ್ ಹಾಳಾಗೋಯ್ತಲ್ಲಪ್ಪಾ!"

ಇದ್ದ ಒಬ್ಬನೇ ಆರೋಪಿ ಹೀಗೆ ಖುಲಾಸೆಯಾದ. ಮುನಿವೆಂಕಟಯ್ಯ ತಲೆ ಕೆರೆಯುತ್ತ ಒಳಗೆ ಬಂದ. ಮಾರಮ್ಮ ಲೋಟ ಕುಕ್ಕಿದಳು. ಅವನು ಗೊಣಗದೆ ಕುಡಿಯತೊಡಗಿದ.

"ಮೂವತ್ತೆಂಟು ವರ್ಸ ನಾನ್ ಬಡ್ಕಂಡ್ರೂ ನಿಲ್ದೇ ಇದ್ದಿದ್ದು ಇವತ್ತೆಂಗೆ ನಿಂತ್ಕಂತು?"

"ಗಂಟ್ಲು ನೋವು."

"ಕಾಫಿ ಎಂಗೈತೆ?"

"ಬಿಸಿಬಿಸಿ ಐತೆ. ಬೋ ಚೆನ್ನಾಗೈತೆ."

"ಅದು ನೆನ್ನೆ ಸಂಜೇದು. ಬೇಕಂತ್ಲೇ ಕೊಟ್ಟೆ."

ಲೋಟ ಬಾಯಿಯ ಹತ್ತಿರವೇ ನಿಂತಿತು. ತಣ್ಣಗಿನ ಕಾಫಿಯ ಉಸಾಬರಿ ಎದುರು ಮನೆಯವನಿಗೆ ಯಾಕೆ ಬೇಕು? ಅವನ ತಲೆಯಲ್ಲಿ ಏನೋ ಕಳಚಿ ಬಿತ್ತು, ಬಾಯಿಯೂ ಅದರ ಹಿಂದೆಯೇ ಜಾರಿತು. "ಇಪ್ಪತ್ಮೂರು... ನೀನಾ?"

"ಇಪ್ಪತ್ಮೂರಾ?" ಮಾರಮ್ಮ ಸೊಂಟಕ್ಕೆ ಕೈಯಿಟ್ಟಳು. "ನನ್ ನಂಬರ್ ನಂಗೇ ಗೊತ್ತಿರ್ನಿಲ್ಲ. ನಿಮ್ಗೆಂಗೆ ಗೊತ್ತಾಯ್ತು?"

ಲಾಠಿಗೆ ಹೆದರದ ಮನುಷ್ಯ ಗೋಡೆಗೆ ಒರಗಿದ. "ಅಲ್ಲ ಕಣೇ, ಗಂಡ ನಾನು. ನಂಗೇ ಯೋಳ್ಬೌದಿತ್ತಲ್ಲ?"

"ಯೋಳ್ದೆ. ದಿನಾ ಯೋಳ್ದೆ. ಒಂದಿನ ಕಿವಿಗಾಕ್ಕಂಡ್ರಾ? ಆ ಸರ್ವೆ ಹುಡ್ಗಿ ಹೆಸ್ರು ಬರಿಯಕ್ಕಿಲ್ಲ ಅಂತು, ಪೆನ್ನಿಡ್ಕಂಡು ಎದ್ರಿಗೆ ಕುಂತ್ಕಂತು. ಬಾಯಿ ತಗದೆ. ನಿಲ್ಲನೇ ಇಲ್ಲ."

"ಆಯ್ತು, ಒಳಗೊಳ್ಗೇ ಮುಗ್ಸೋಣ."

"ಭಾನ್ವಾರ ಕಟ್ಟೆ ಮ್ಯಾಲೆ ಮುಗ್ಸೋಣ. ನಿಮ್ ರೂಲ್ಸೇ."

ಭಾನುವಾರಕ್ಕೆ ಅವನು ಅರ್ಧ ಗಂಟೆಯ ತಪ್ಪೊಪ್ಪಿಗೆ ಭಾಷಣ ಸಿದ್ಧಮಾಡಿಕೊಂಡಿದ್ದ, ಐತಿಹಾಸಿಕ ಹಿನ್ನೆಲೆ ಸಮೇತ. ಮಾರಮ್ಮ ಕೊಟ್ಟದ್ದು ಒಂದೇ ವಾಕ್ಯದ ಅವಕಾಶ.

"ನಾನು ಕದ್ದು ಓದಿದೆ," ಅಂದ.

"ಏನಿತ್ತಣ್ಣ ಅದ್ರಲ್ಲಿ?" ಬೈರಣ್ಣ ಕೆಳಗಿನಿಂದ ಕೂಗಿದ. "ಅದಕ್ಕೇನಾ ಸದ್ದು ನಿಲ್ಸಿದ್ದು?"

ಮುನಿವೆಂಕಟಯ್ಯ ಬಾಯಿ ತೆರೆದ. "ಅದನ್ನ ಹೇಳಿದ್ರೆ ಇನ್ನೊಂದು ತಪ್ಪಾಗತ್ತೆ ಅಂಕಲ್," ಅಂದಳು ಶಿಲ್ಪ. "ಇನ್ನೊಂದು ವರ್ಷ." ಬಾಯಿ ಮುಚ್ಚಿಕೊಂಡಿತು.

ಮಾತಾಡದ ಅಧ್ಯಕ್ಷನನ್ನು ಇಟ್ಟುಕೊಂಡು ಬೀದಿ ಮಾಡುವುದೇನು? ಹೊಸ ಅಧ್ಯಕ್ಷರು ಯಾರು ಎಂಬ ಪ್ರಶ್ನೆ ಬಂತು. ಗುಟ್ಟು ಕಾಯುವ ತಾಕತ್ತು ಯಾರಿಗಿದೆ ಎನ್ನುವುದು ಈಗ ಎಲ್ಲರಿಗೂ ಗೊತ್ತಿದ್ದರಿಂದ ಎದ್ದ ಕೈಗಳೆಲ್ಲ ಒಬ್ಬಳಿಗೇ ಎದ್ದವು.

ಮಾರಮ್ಮ ಕಟ್ಟೆ ಹತ್ತಿದಳು. ಗಂಡನ ಕೈಯಿಂದ ಮೈಕ್ ತೆಗೆದುಕೊಂಡಳು (ಒಂದೆರಡು ಸಲ ಎಳೆಯಬೇಕಾಯಿತು). ಸೆರಗು ಸರಿಮಾಡಿಕೊಂಡು, ಮೈಕಿಗೆ ಬಾಯಿಟ್ಟು, ಒಂದು ಸಲ ಜೋರಾಗಿ ಗಂಟಲು ಕೆರೆದಳು.

ಕಟ್ಟೆಯ ಕೆಳಗೆ ಮಲಗಿದ್ದ ನಾಯಿಗಳು ಎದ್ದು ವಿದ್ಯಾರಣ್ಯಪುರದ ಕಡೆ ಓಡಿದವು.

ಮುನಿವೆಂಕಟಯ್ಯ ಕೈ ಎತ್ತಿ, "ನೋಡ್ರಪ್ಪಾ" ಎನ್ನಲು ಬಾಯಿ ತೆರೆದ. ಇಡೀ ಬೀದಿ ತುಟಿಯ ಮೇಲೆ ಬೆರಳಿಟ್ಟು "ಶ್!" ಅಂದಿತು.