ರಾಕ್ಷಸಿಯ ಕೂದಲು, ರಾಕ್ ಹಾಡು

ಪಾಶ್ಚಾತ್ಯ ರಾಕ್ ಸಂಗೀತದ ವಿಷಯದಲ್ಲಿ ಪುತ್ತೂರು, ಸುಳ್ಯ, ಕಡಬ ಈ ಮೂರೂ ತಾಲೂಕಿಗೆ ಸೇರಿ ಒಬ್ಬ ಪಂಡಿತನಿದ್ದರೆ ಅದು ನಾನೇ ಎಂಬ ನಂಬಿಕೆ ನನಗೆ ಮೊನ್ನೆ ಮೊನ್ನೆಯವರೆಗೂ ಇತ್ತು. ಈ ಪಾಂಡಿತ್ಯಕ್ಕೆ ಆಧಾರ ಒಂದು ಕ್ಯಾಸೆಟ್. ಹೌದು, ಒಂದೇ. ಒಂದೇ ಗ್ರಂಥವನ್ನು ಜೀವಮಾನವಿಡೀ ಓದಿದವರನ್ನು ನಾವು ವಿದ್ವಾಂಸರೆನ್ನುವುದಿಲ್ಲವೇ?

ಅದು ನನ್ನ ಕೈಗೆ ಬಂದದ್ದು ಕಾಲೇಜಿನ ದಿನಗಳಲ್ಲಿ. ಉಪ್ಪಿನಂಗಡಿಯ ಹಮೀದ್ ನನ್ನ ಸಹಪಾಠಿ. ದುಬೈಯಿಂದ ರಜೆಗೆ ಬಂದ ಅವನ ಅಣ್ಣ ಅದನ್ನು ತಂದಿದ್ದರು. ಉದ್ದ ಕೂದಲಿಗೆ ಸ್ಪ್ರೇ ಹೊಡೆದುಕೊಂಡು ಹಾಡುವ ತಂಡಗಳ ಕಾಲ ಆಗ ಹೊರದೇಶಗಳಲ್ಲಿ ಮುಗಿಯುತ್ತಾ ಬಂದಿತ್ತಂತೆ. ಮಾಸಿದ ಅಂಗಿ ಹಾಕಿಕೊಂಡು ಬೇಸರದಿಂದ ಹಾಡುವವರ ಕಾಲ ಶುರುವಾಗಿತ್ತಂತೆ. ಹಾಗಾಗಿ ಅಂಥ ಕೂದಲಿನ ಒಂದು ತಂಡದ ಕಟ್ಟಕಡೆಯ ಆಲ್ಬಮ್ಮನ್ನು ಕೇಳುವವರಿಲ್ಲದೆ, ಅಲ್ಲಿನ ಅಂಗಡಿಯವನು ಬೇರೇನೋ ಕೊಂಡದ್ದರ ಜೊತೆಗೆ ಪುಕ್ಕಟೆ ಕೊಟ್ಟಿದ್ದ. ಅಣ್ಣ ಹಮೀದನಿಗೆ ಕೊಟ್ಟರು. ಹಮೀದ್ ನನಗೆ ಕೊಟ್ಟ. ನನ್ನಿಂದ ಮುಂದಕ್ಕೆ ತೆಗೆದುಕೊಳ್ಳುವವರು ಯಾರೂ ಸಿಗಲಿಲ್ಲ!

ಹೊದಿಕೆಯ ಮೇಲೆ ಐದು ಮಂದಿ ಗಂಡಸರು. ಬಿಗಿಯಾದ ಪ್ಯಾಂಟು, ತುಟಿಗೆ ಬಣ್ಣ, ಹುಲ್ಲಿನ ಮೆದೆಯಂಥ ತಲೆ. ನನ್ನ ಅಮ್ಮ ನೋಡಿ, “ಪಾಪ, ಈ ಹುಡುಗಿಯರಿಗೆ ಜಡೆ ಹಾಕಿಕೊಡುವವರು ಯಾರೂ ಇಲ್ವಾ?” ಎಂದು ಕೇಳಿದ್ದರು.

ಆದರೆ ಸಂಗೀತ! ಅದೆಂಥ ಗಾಂಭೀರ್ಯ! ನಮ್ಮ ಮನೆಯ ಟೇಪ್ ರೆಕಾರ್ಡರಿಗೆ ಹಾಕಿದರೆ ಗಿಟಾರು ಆನೆ ನಡೆದು ಬಂದ ಹಾಗೆ ಬರುತ್ತಿತ್ತು. ಗಾಯಕನ ಕಂಠ ಬಾವಿಯ ತಳದಿಂದ ಎದ್ದು ಬರುತ್ತಿತ್ತು. ಇಂಗ್ಲಿಷ್ ಪದಗಳಲ್ಲಿ ನನಗೆ ಸ್ಪಷ್ಟವಾದದ್ದು “ಗೋಯಿಂಗ್, ಗೋಯಿಂಗ್” ಎಂಬುದೊಂದೇ. ಅಷ್ಟು ಸಾಕಾಯಿತು. ಎಲ್ಲರೂ ಹೋಗುವವರೇ, ಈ ಜೀವನ ನಶ್ವರ ಎಂಬುದು ಆ ಮೊದಲನೆಯ ಹಾಡಿನ ತಾತ್ಪರ್ಯವೆಂದು ನಾನು ತೀರ್ಮಾನಿಸಿದೆ. ಈಗ ಪುತ್ತೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದೇನೆ, ತಲೆಯ ಕೂದಲು ನನ್ನನ್ನು ಬಿಟ್ಟು ಹೋಗಿದೆ. ಆದರೆ ನರಿಮೊಗರಿನ ಮನೆಯಲ್ಲಿ ಭಾನುವಾರ ಬೆಳಗ್ಗೆ ಆ ಹಾಡು ಕೇಳುವ ಪದ್ಧತಿಯನ್ನು ಬಿಟ್ಟಿಲ್ಲ.

ಹೀಗಿರುವಾಗ ಅಕ್ಕನ ಮಗಳು ಸಿಂಚನಾಳಿಗೆ ಮದುವೆ ಗೊತ್ತಾಯಿತು. ಹುಡುಗ ಕಡಬದವನು, ಹೆಸರು ಪ್ರಜ್ವಲ್. ನಿಶ್ಚಿತಾರ್ಥದ ಊಟದಲ್ಲಿ ಅವನ ಪಕ್ಕ ಕುಳಿತಾಗ, ಅವನು ಗೆಳೆಯರ ಜೊತೆ ಗಿಟಾರು ನುಡಿಸುತ್ತಾನೆ ಎಂದು ತಿಳಿಯಿತು. ನಾನು ಮೆಲ್ಲಗೆ ಆ ಆಲ್ಬಮ್ಮಿನ ಹೆಸರು ಹೇಳಿದೆ. ಹುಡುಗನ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು.

“ಮಾವ! ಅದು ನಿಮಗೆ ಗೊತ್ತುಂಟಾ? ಈ ಕಡೆ ಅದನ್ನು ಕೇಳಿದವರನ್ನು ನಾನು ಇದುವರೆಗೆ ನೋಡಲೇ ಇಲ್ಲ!”

“ಗೊತ್ತುಂಟಾ ಅಂತ ಕೇಳ್ತೀಯಾ? ಮೊದಲನೇ ಹಾಡು ಪೂರ್ತಿ ಬಾಯಿಪಾಠ.”

“ಹಾಗಾದ್ರೆ ರಿಸೆಪ್ಷನಿಗೆ ನೀವು ಹಾಡ್ಬೇಕು. ನಾವು ಹಿಂದೆ ನುಡಿಸ್ತೇವೆ.”

ಎದುರು ಸಾಲಿನಲ್ಲಿದ್ದ ನನ್ನ ಹೆಂಡತಿ ಶೈಲಾ ಕಣ್ಣಲ್ಲೇ ‘ಬೇಡ’ ಎಂದಳು. ಹುಡುಗಿಯ ಸೋದರಮಾವನಾಗಿ, ಬೀಗರ ಮುಂದೆ ನಮ್ಮ ಮನೆತನದ ಘನತೆ ಎತ್ತಿ ಹಿಡಿಯುವ ಹೊಣೆ ನನ್ನ ಮೇಲಿತ್ತು. ನಾನು ಒಪ್ಪಿದೆ!

ಅಭ್ಯಾಸ ಆರಂಭವಾಯಿತು. ಟೇಪ್ ರೆಕಾರ್ಡರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು ಹೊಕ್ಕುಳಿನಿಂದ ಧ್ವನಿ ಎಬ್ಬಿಸುತ್ತಿದ್ದೆ. ಪಕ್ಕದ ಮನೆಯ ವಾಸಣ್ಣ ಬೇಲಿಯಾಚೆಯಿಂದ ಕೇಳಿದರು, “ಎಂತ ಮಾರಾಯ್ರೆ, ಮನೆಯಲ್ಲಿ ಹೋಮ ಉಂಟಾ?”

“ಇದು ರಾಕ್ ಸಂಗೀತ, ವಾಸಣ್ಣ.”

“ಹೌದಾ? ಒಳ್ಳೇದುಂಟು. ನಮ್ಮ ಅಪ್ಪನಿಗೆ ಇದು ಕೇಳಿದ್ರೆ ಬೇಗ ನಿದ್ರೆ ಬರ್ತದೆ.”

ಪ್ರಜ್ವಲ್ ಫೋನು ಮಾಡಿದ. “ಮಾವ, ಒಂದು ಸಲ ರಿಹರ್ಸಲ್ ಮಾಡುವನಾ?”

“ಹಾಡು ರಕ್ತದಲ್ಲಿ ಸೇರಿದವನಿಗೆ ರಿಹರ್ಸಲ್ ಎಂತಕ್ಕೆ?” ಎಂದೆ.

“ಫೋನಿಗೆ ಆ ಹಾಡು ಕಳಿಸ್ಲಾ? ಒಮ್ಮೆ ಕೇಳಿ.”

“ಫೋನಿನಲ್ಲಿ ಕೇಳುದು ಸಂಗೀತ ಅಲ್ಲ ಮಗಾ” ಎಂದು ಉಪದೇಶಿಸಿ ಇಟ್ಟೆ. ಎಂಥ ಮಾತು! ಅದನ್ನು ಹೇಳಿದ ಮೇಲೆ ಅರ್ಧ ಗಂಟೆ ನನಗೆ ನನ್ನ ಮೇಲೇ ಗೌರವ ಮೂಡಿತ್ತು.

ಇನ್ನು ಉಳಿದದ್ದು ವೇಷ. ಪುತ್ತೂರಿನಲ್ಲಿ ಶಾಲಾ ವಾರ್ಷಿಕೋತ್ಸವಗಳಿಗೆ ವೇಷ ಬಾಡಿಗೆಗೆ ಕೊಡುವ ಅಂಗಡಿಗೆ ಹೋಗಿ, ರಾಕ್ ಗಾಯಕನ ಕೂದಲು ಕೇಳಿದೆ.

“ಅದಿಲ್ಲ ಸರ್. ಋಷಿಯದ್ದುಂಟು, ರಾಕ್ಷಸಿಯದ್ದುಂಟು” ಎಂದ ಅಂಗಡಿಯವ.

ಕ್ಯಾಸೆಟ್ಟಿನ ಚಿತ್ರದೊಂದಿಗೆ ಹೋಲಿಸಿ ನೋಡಿದೆ. ರಾಕ್ಷಸಿಯದ್ದೇ ತಾಳೆಯಾಯಿತು. ಬಿಗಿ ಪ್ಯಾಂಟಿಗೆ ಬೇರೆ ಅಲೆಯಬೇಕಾಗಲಿಲ್ಲ. ಮನೆಯ ಕಪಾಟಿನಲ್ಲೇ ಸಿಕ್ಕಿತು.

ರಿಸೆಪ್ಷನಿನ ಸಂಜೆ, ಸುಳ್ಯದ ಸಭಾಭವನದ ಹಿಂದಿನ ಕೋಣೆಯಲ್ಲಿ ನಾನು ಸಿದ್ಧನಾಗಿ ನಿಂತದ್ದನ್ನು ನೋಡಿ ಶೈಲಾ ಗೋಡೆ ಹಿಡಿದುಕೊಂಡಳು.

“ಇದು ನನ್ನ ಲೆಗಿಂಗ್ಸ್ ಅಲ್ವಾ?”

“ಕಲೆಗಾಗಿ, ಶೈಲಾ.”

“ಬಗ್ಗಬೇಡಿ. ನಿಮ್ಮ ಕಾಲಿಗೆ ಬೀಳ್ತೇನೆ, ಎಂತ ಬೇಕಾದ್ರೂ ಮಾಡಿ, ಬಗ್ಗಬೇಡಿ!”

ವೇದಿಕೆ ಹತ್ತಿದೆ. ಮುಂದಿನ ಸಾಲಿನ ಒಂದು ಮಗು ಅಳತೊಡಗಿತು. ನಾನು ಮೈಕು ಹಿಡಿದು ಪೀಠಿಕೆ ಹಾಕಿದೆ. “ಮಾನ್ಯರೇ, ಹುಟ್ಟಿದವರೆಲ್ಲ ಒಂದು ದಿನ ಹೊರಟು ಹೋಗಲೇಬೇಕು. ಯಾವ ಬಂಧನವೂ ಶಾಶ್ವತವಲ್ಲ. ಈ ಮಹಾನ್ ಸತ್ಯವನ್ನು ಸಾರುವ ಗೀತೆಯನ್ನು ನೂತನ ವಧೂವರರಿಗೆ ಅರ್ಪಿಸುತ್ತಿದ್ದೇನೆ.” ಬೀಗರು ಪರಸ್ಪರ ಮುಖ ನೋಡಿಕೊಂಡರು. ಗಿಟಾರು ಹಿಡಿದಿದ್ದ ಮದುಮಗನ ಹುಬ್ಬು ಮೇಲೇರಿತು. ಭಾಷಣ ನಾಟಿತೆಂದು ನನಗೆ ಸಂತೋಷವಾಯಿತು.

ಆಮೇಲೆ ವಾದ್ಯ ಶುರುವಾಯಿತು. ಅಬ್ಬಾ! ಬ್ರೇಕಿಲ್ಲದ ಜೀಪು ಘಾಟಿ ಇಳಿದ ಹಾಗೆ ಗಿಟಾರು, ಅದರ ಬೆನ್ನಿಗೆ ಡ್ರಮ್ಮು! ಹುಡುಗರು ಬೇರೆ ಯಾವುದೋ ಹಾಡು ನುಡಿಸಿ ಕೈ ಬಿಸಿ ಮಾಡಿಕೊಳ್ಳುತ್ತಿದ್ದಾರೆಂದು ಭಾವಿಸಿ ನಾನು ತಾಳ್ಮೆಯಿಂದ ಕಾದೆ. ಪ್ರಜ್ವಲ್ ಬಳಿ ಬಂದು ಕಿವಿಯಲ್ಲಿ ಕಿರುಚಿದ, “ಮಾವ, ಹಾಡಿ!”

“ಯಾವುದನ್ನು?”

“ಇದನ್ನೇ!”

ನಾನು ಹೊಕ್ಕುಳಿನಿಂದ “ಗೋ...ಯಿಂಗ್” ಎಂದು ಎಬ್ಬಿಸಿದೆ. ನನ್ನ ಮೊದಲ ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಅವರು ಎರಡನೇ ಚರಣ ಮುಗಿಸಿದ್ದರು. ಓಡುವ ಬಸ್ಸಿನ ಹಿಂದೆ ಕೊಡೆ ಹಿಡಿದು ಓಡುವವನ ಸ್ಥಿತಿ ನನ್ನದು. “ಮೇಲೆ ಮಾವ, ಮೇಲೆ! ಪಿಚ್ ಮೇಲೆ!” ಎಂದು ಮದುಮಗ ಕೈಯೆತ್ತಿ ತೋರಿಸಿದ. ಏರಿಸಿದೆ. ಕಂಠ ಒಂದು ಹಂತದವರೆಗೆ ಮರ್ಯಾದೆಯಿಂದ ಏರಿತು. ಅಲ್ಲಿಂದ ಮುಂದೆ ಕುಕ್ಕರಿನ ಸೀಟಿಯಂಥದ್ದೇನೋ ಹೊರಟಿತು. ಊಟದ ಮನೆಯಿಂದ ಬಡಿಸುವವರೆಲ್ಲ ಸೌಟು ಹಿಡಿದುಕೊಂಡೇ ಓಡಿ ಬಂದರು!

ಇಂಥ ಹೊತ್ತಿನಲ್ಲಿ ಬುದ್ಧಿವಂತನಾದವನು ಕೆಳಗಿಳಿಯುತ್ತಾನೆ. ನಾನು ಅಭಿನಯದಿಂದ ಸಭೆಯನ್ನು ಗೆಲ್ಲಲು ನಿರ್ಧರಿಸಿದೆ. ರಾಕ್ ಗಾಯಕರು ತಲೆ ಬೀಸುತ್ತಾರೆಂದು ಕೇಳಿ ಬಲ್ಲೆ. ಕಾಲು ಅಗಲಿಸಿ, ಹೆಂಡತಿಯ ಮಾತು ಮರೆತು ಬಗ್ಗಿ, ತಲೆಯನ್ನು ಎಡದಿಂದ ಬಲಕ್ಕೆ ಒಮ್ಮೆ ರಭಸವಾಗಿ ಬೀಸಿದೆ. ಲೆಗಿಂಗ್ಸ್ ಕೈಬಿಡಲಿಲ್ಲ. ಕೈಬಿಟ್ಟದ್ದು ಕೂದಲು! ಪಕ್ಕದಲ್ಲಿದ್ದ ದೊಡ್ಡ ಫ್ಯಾನಿನ ಗಾಳಿ ಸಿಕ್ಕಿ ಅದು ವೇದಿಕೆಯಿಂದ ಹಾರಿ, ಮುಂದಿನ ಸಾಲಿನಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದ ಮದುಮಗನ ಅಜ್ಜಿಯ ಮಡಿಲಿಗೆ ಬಿತ್ತು.

“ಅಯ್ಯೋ! ಪುಚ್ಚೆ! ಪುಚ್ಚೆ!” ಎಂದು ಅಜ್ಜಿ ತುಳುವಿನಲ್ಲಿ ಕೂಗಿದರು. ಬೆಕ್ಕು ಮೈಮೇಲೆ ಹಾರಿತೆಂದೇ ಅವರ ನಂಬಿಕೆ. ಕೂಗಿದ್ದು ಮಾತ್ರವಲ್ಲ, ಊರುಗೋಲಿನಿಂದ ಬಾರಿಸತೊಡಗಿದರು. ಕೂದಲು ಸಾಯುವ ಲಕ್ಷಣ ಕಾಣದ್ದರಿಂದ ಪಕ್ಕದವರೂ ಕೈಜೋಡಿಸಿದರು.

ಹಾಡು ನಿಂತಿತು. ನಕ್ಕು ನಕ್ಕು ಸಿಂಚನಾಳ ಕಣ್ಣಿನ ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು. ಅಕ್ಕನ ಮುಖದಲ್ಲಿ ಮಾತ್ರ ನಗುವಿರಲಿಲ್ಲ. “ಇದು ನನ್ನ ಮಗಳ ಮದುವೆ ಅಂತ ನೆನಪುಂಟಾ ನಿನಗೆ?” ಎಂದಷ್ಟೇ ಕೇಳಿದಳು. ಆಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಪಂಚೆ ಸುತ್ತಿಕೊಂಡು ಊಟದ ಸಾಲಿನ ಕೊನೆಯಲ್ಲಿ, ಕಂಬದ ಮರೆಯಲ್ಲಿ ಕುಳಿತೆ.

ಮದುವೆಗೆ ಬಂದಿದ್ದ ನನ್ನ ಹಳೇ ಸಹಪಾಠಿ ಹಮೀದ್ ಪಕ್ಕದಲ್ಲಿ ಬಂದು ಕುಳಿತ. ಹಿಂದೆಯೇ ಪ್ರಜ್ವಲ್ ಬಂದ. ಅವನಿಗೆ ಸಿಟ್ಟಿರಲಿಲ್ಲ, ಗೊಂದಲವಿತ್ತು. ಫೋನು ತೆಗೆದು ಮೂಲ ಹಾಡನ್ನೇ ಕೇಳಿಸಿದ. ಅದೇ ಜೀಪು! ಗಾಯಕನ ಕಂಠ ಆಕಾಶದಲ್ಲಿತ್ತು.

“ಮಾವ, ಇದು ಸಾವಿನ ಹಾಡಲ್ಲ. ‘ಬಾ ಹುಡುಗಿ, ಕಾರು ಹತ್ತು, ಸುತ್ತಾಡ್ಲಿಕ್ಕೆ ಹೋಗುವ’ ಅಂತ ಇದರ ಅರ್ಥ.”

“ಹಾಗಾದ್ರೆ ನನ್ನ ಕ್ಯಾಸೆಟ್ಟಿನಲ್ಲಿರುದು ಎಂತ?”

ಹಮೀದ್ ಪಾಯಸ ಕಲಸುತ್ತಾ ಹೇಳಿದ, “ಅದೇ ಮಾರಾಯ. ನಮ್ಮ ಮನೆಯಲ್ಲಿರುವಾಗ ಅದು ಓಡ್ತಿತ್ತು. ನಿನ್ನ ಟೇಪ್ ರೆಕಾರ್ಡರಿನ ಬೆಲ್ಟು ಆಗಲೇ ಸಡಿಲ, ಟೇಪು ನಿಧಾನ ತಿರುಗ್ತಿತ್ತು. ನಿನ್ನ ಮನೆಗೆ ಬಂದ ಮೇಲೆ ಅದು ನಡೀಲಿಕ್ಕೆ ಶುರು ಮಾಡಿತು.”

“ನಿನಗೆ ಗೊತ್ತಿತ್ತಾ? ಒಂದು ಮಾತು ಹೇಳ್ಬಾರ್ದಿತ್ತಾ?”

“ನೀನು ಕಣ್ಣು ಮುಚ್ಚಿ, ತಲೆ ಆಡಿಸಿ, ಅಷ್ಟು ಭಕ್ತಿಯಲ್ಲಿ ಕೇಳ್ತಿದ್ದಿ. ಹೇಗೆ ಹೇಳುದು?”

ಮನೆಯಲ್ಲಿದ್ದ ಇನ್ನೊಂದೇ ಕ್ಯಾಸೆಟ್ ಒಬ್ಬ ಸ್ವಾಮಿಗಳ ಪ್ರವಚನ. ಅದರ ನಿಧಾನವನ್ನು ನಾನು ಅವರ ತಪಸ್ಸಿನ ಫಲವೆಂದು ತಿಳಿದಿದ್ದೆ!

ಒಂದು ವಾರ ನಾನು ಯಾರ ಮುಖವನ್ನೂ ನೋಡಲಿಲ್ಲ. ಗಿರಾಕಿಗಳಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಕನ್ನಡಕ ಮಾರಿದೆ. ಆಮೇಲೆ ಕಡಬದಿಂದ ಫೋನು ಬಂತು. ಶೈಲಾ ತೆಗೆದು ಮಾತಾಡಿ, ನನ್ನ ಕಡೆ ತಿರುಗಿದಳು.

“ಪ್ರಜ್ವಲ್‌ನ ಅಜ್ಜಿಯ ಹುಟ್ಟುಹಬ್ಬ ಮಾಡ್ತಾರಂತೆ. ಅಜ್ಜಿಗೆ ನಿಮ್ಮ ಕಾರ್ಯಕ್ರಮ ಇನ್ನೊಮ್ಮೆ ನೋಡ್ಬೇಕಂತೆ. ಹಟ ಹಿಡಿದು ಕೂತಿದ್ದಾರಂತೆ.”

ನೋಡಿದಿರಾ? ನಿಜವಾದ ಕಲೆಯನ್ನು ಹಿರಿಯರು ಗುರುತಿಸಿಯೇ ಗುರುತಿಸುತ್ತಾರೆ! ನಾನು ಗಂಟಲು ಸರಿಮಾಡಿಕೊಂಡು, “ಯಾವ ಹಾಡು ಬೇಕಂತೆ ಕೇಳು” ಎಂದೆ.

ಶೈಲಾ ಕೇಳಿದಳು. ನಗು ತಡೆಯಲು ತುಟಿ ಕಚ್ಚಿಕೊಂಡಳು.

“ಹಾಡು ಬೇಡ್ವಂತೆ. ಬಗ್ಗಿ ಕೂದಲು ಹಾರಿಸಿದ್ದು ಮಾತ್ರ ಸಾಕಂತೆ.”

ನಾನು ಒಪ್ಪಿಕೊಂಡಿದ್ದೇನೆ. ಈ ಬಾರಿ ರಿಹರ್ಸಲ್ಲಿಗೂ ಹೋಗುವವನಿದ್ದೇನೆ.