ಅಕ್ಕನ ಹಾಲು ಉಕ್ಕಿದ ಕಥೆ

ಅಕ್ಕ ಹೇಳಿದ್ದನ್ನು ಹೇಳಿದಂತೆ ಬರೆದುಕೊಳ್ಳುವುದೊಂದೇ ನನ್ನ ಕೆಲಸವಾಗಿತ್ತು. ಅದನ್ನು ನಾನು ಮಾಡಲಿಲ್ಲ. ಆದರೆ ನ್ಯಾಯ ಹೇಳುವ ಮೊದಲು ನನ್ನಕ್ಕ ಎಂಥವಳೆಂದು ಕೇಳಿ: ಒಂದು ಪಾತ್ರೆ ಹಾಲು ಉಕ್ಕಿಸಲು ಇಡೀ ಕಾದಂಬರಿ ಬೇಕಾದವಳು ಜಗತ್ತಿನಲ್ಲಿ ಅವಳೊಬ್ಬಳೇ!

"ಉಪ್ಪೆಲ್ಲಿ ಅಕ್ಕ?" ಎಂದರೆ ಉಪ್ಪಿನಿಂದ ಸಮುದ್ರಕ್ಕೆ, ಸಮುದ್ರದಿಂದ ಚಿಕ್ಕಪ್ಪ ಮಂಗಳೂರಲ್ಲಿ ಕಳೆದುಕೊಂಡ ಚಪ್ಪಲಿಗೆ ಹೋಗಿ, ಅವಳು ಡಬ್ಬಿ ಹಿಡಿದು ಬರುವಷ್ಟರಲ್ಲಿ ನಾನು ಸಪ್ಪೆ ಸಾರು ಉಂಡು ಕೈ ತೊಳೆದಿರುತ್ತೇನೆ. ಬರೆಯುವುದೂ ಹಾಗೆಯೇ. ಅದಕ್ಕೆ ಪ್ರಜ್ಞಾಪ್ರವಾಹ ಎನ್ನುತ್ತಾರಂತೆ. ಅವಳು ಶಾಲೆಯಲ್ಲಿ ಕನ್ನಡ ಕಲಿಸಿದವಳು. ನಾನು ಏಳನೆಯ ಕ್ಲಾಸಿಗೆ ಬಿಟ್ಟು ಬಣಕಲ್‌ನಲ್ಲಿ ಜೀಪು ರಿಪೇರಿಗೆ ಕೂತವನು.

ಕಳೆದ ಮಳೆಗಾಲ ಪಾಚಿಯಲ್ಲಿ ಜಾರಿ ಅಕ್ಕನ ಬಲಗೈ ಮುರಿಯಿತು. ತಲೆಯೊಳಗೆ ಕಾದಂಬರಿ ಸಿದ್ಧವಾಗಿತ್ತು. "ನಾನು ಹೇಳ್ತೀನಿ, ನೀನು ಬರ್ಕೊ ಮಾರಾಯ" ಎಂದಳು. ಕಥೆ ಇಷ್ಟೇ: ಒಬ್ಬ ಹೆಂಗಸು ಕಾಫಿಗೆ ಹಾಲಿಡುತ್ತಾಳೆ, ಹಾಲು ಉಕ್ಕುತ್ತದೆ. ನಡುವೆ ಅವಳ ಮನಸ್ಸಿಗೆ ಬಂದದ್ದೆಲ್ಲ ಬರುತ್ತದೆ. ದಿನಾ ಸಂಜೆ ಕೂತು ಒಂದು ತಿಂಗಳು ಹೇಳಿದಳು!

"ಒಲೆ ಸಣ್ಣ ಮಾಡೋಕೇನು ಅವಳಿಗೆ?" ಎಂದೆ.

"ಅದು ಬರೀ ಹಾಲಲ್ಲ ಕಣೋ, ಸಂಕೇತ."

"ಹಾಗಾದ್ರೆ ಒರೆಸೋ ಕೆಲಸ ಇಲ್ಲ, ಬಿಡು."

"ಬಾಯ್ಮುಚ್ಚಿ ಬರಿ!"

ನನ್ನ ಕೈಗೆ ಬೇರೆಯೇ ಅಭ್ಯಾಸ. ಬಾಳೂರಿನ ಡ್ರೈವರ್ ತನ್ನ ಜೀಪು ಯಾವ ತಿರುವಿನಲ್ಲಿ ಹೇಗೆ ನರಳಿತು, ಹಿಂದೆ ಕೂತಿದ್ದ ಅತ್ತೆ ಏನೆಂದರು ಎಂದು ಅರ್ಧ ಗಂಟೆ ಹೇಳುತ್ತಾನೆ. ನಾನು ಪುಸ್ತಕದಲ್ಲಿ 'ಕ್ಲಚ್' ಎಂದು ಬರೆಯುತ್ತೇನೆ. ಅಕ್ಕನದನ್ನೂ ಹಾಗೇ ಬರೆದೆ. ಹಾಲಿನ ಮಾತು ಬಂದಾಗ ಬರೆದೆ. ಉಳಿದಂತೆ, ವಿಷಯಕ್ಕೆ ಬರಲಿ ಎಂದು ಪೆನ್ನು ಹಿಡಿದು ಕಾದೆ. ಅವಳು ಕಣ್ಣು ಮುಚ್ಚಿಕೊಂಡು ಹೇಳುವವಳು, ನೋಡಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನ ಅಕ್ಕ ನೋಟ್‌ಬುಕ್ ಕೇಳಿದಳು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕಾದಂಬರಿ ನಾಲ್ಕನೆಯ ಪುಟಕ್ಕೆ ಮುಗಿದಿತ್ತು! ಮೊದಲು ನಕ್ಕಳು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟಳು: 'ಅಪ್ಪನ ನೆನಪಾಯಿತು.'

"ಅಪ್ಪ ಹೋದ ದಿನದ್ದು ಮೂರು ಸಂಜೆ ಹೇಳಿದ್ನಲ್ಲೋ. ಇಷ್ಟೇನಾ?"

"ಈಗ ಕೈ ಸರಿಯಾಯ್ತಲ್ಲಕ್ಕ, ನೀನೇ ಬರಿ."

"ಕೂತು ಬರೆದ್ರೆ ಬರಲ್ಲ ಅದು. ಯಾರಿಗೂ ಹೇಳಿರ್ಲಿಲ್ಲ ನಾನು. ಎದುರಿಗೆ ನೀನು ಕೂತಿದ್ದೆ ಅಂತ ಬಂತು."

ಆ ಮೂರು ಸಂಜೆ ನಾನು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದೆ. ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ, ಗಿರಾಕಿಗಳ ಹತ್ತಿರವೂ. ಅವಳ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಐದನೆಯ ಪುಟ ಬಿಡಿಸಿದೆ.

"ತಪ್ಪಾಯ್ತಕ್ಕ. ಇನ್ನೊಂದ್ಸಲ ಹೇಳು. ಈ ಸಲ ನೀನು ಎಲ್ಲೆಲ್ಲಿ ದಾರಿ ಬಿಟ್ಟು ಹೋಗ್ತೀಯೋ, ಅಲ್ಲಿಗೆಲ್ಲ ನಾನೂ ಬರ್ತೀನಿ."