ಲಿಫ್ಟಿನ ಹಾಡಿಗೆ ನಾನು ಬರೆದ ಮರುವಿಮರ್ಶೆ

ಹಳೆಯ ಹಾಡುಗಳ ಮಾನ ಹರಾಜು ಹಾಕಲೆಂದೇ ನಾನು ಭೂಮಿಗೆ ಬಂದವನು! ಈ ಜ್ಞಾನೋದಯ ನನಗಾದದ್ದು ಹೋದ ವರ್ಷ. ಅಲ್ಲಿಯವರೆಗೆ ಇಪ್ಪತ್ತೆರಡು ವರ್ಷ ಪತ್ರಿಕೆಯ ವರದಿಗಾರನಾಗಿ ಒಡೆದ ನೀರಿನ ಪೈಪು, ಉರುಳಿದ ಲಾರಿ, ಉರುಳದ ಸರ್ಕಾರ ಇವುಗಳ ಬಗ್ಗೆಯೇ ಬರೆದೂ ಬರೆದೂ ನನ್ನೊಳಗಿನ ಮಹಾವಿಮರ್ಶಕ ತುಕ್ಕು ಹಿಡಿಯುತ್ತಿದ್ದ. ಭಾನುವಾರದ ಪುಟದಲ್ಲಿ ಎರಡು ಕಾಲಂ ಖಾಲಿ ಬಿದ್ದಿದೆ ಎಂದು ಸಂಪಾದಕರು ನಿಟ್ಟುಸಿರು ಬಿಟ್ಟದ್ದೇ ತಡ, ನಾನು ಎದ್ದು ನಿಂತೆ.

“ಮೂವತ್ತೈದು ವರ್ಷದ ಹಿಂದೆ ರೇಡಿಯೋದಲ್ಲಿ ‘ವಾರದ ಹತ್ತು’ ಅಂತ ಬರ್ತಿತ್ತಲ್ಲ ಸಾರ್? ಜನ ಕಾರ್ಡು ಬರೆದು ಬರೆದು ಮೊದಲನೇ ಸ್ಥಾನಕ್ಕೆ ಏರಿಸಿದ ಹಾಡುಗಳು! ಒಂದೊಂದನ್ನೇ ಕೆಳಗಿಳಿಸ್ತೀನಿ. ಒಂದನ್ನೂ ಉಳಿಸಲ್ಲ!”

“ಯಾರಾದ್ರೂ ಓದ್ತಾರೇನ್ರೀ?”

“ಮುಗಿಬಿದ್ದು ಓದ್ತಾರೆ ಸಾರ್!”

ಹೀಗೆ ಹುಟ್ಟಿತು ನನ್ನ ಅಂಕಣ, ‘ಅಂದಿನ ಹಿಟ್, ಇಂದಿನ ಪೆಟ್ಟು’. ಮೊದಲ ಆರು ವಾರ ನಾನು ಆಡಿದ್ದೇ ಆಟ. ಆ ಕಾಲದ ಹಾಡುಗಳನ್ನು ಈಗ ಒಂದರ ಹಿಂದೊಂದು ಕೇಳಿ ನೋಡಿ, ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಯಾರೋ ಬಕೆಟ್ಟು ಬಡಿಯುವಂಥ ಡ್ರಮ್ಮು. ‘ಪ್ರೀತಿ’ ಎಂದರೆ ‘ತೀ ತೀ ತೀ’ ಎಂದು ಬಾವಿಯೊಳಗಿಂದ ಮಾರ್ದನಿ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಗಾಯಕ ಸಾಯಲು ಸಿದ್ಧ. ಮೂರನೇ ಚರಣದಲ್ಲೂ ಸಾಯುವುದಿಲ್ಲ, ಅದೇ ದುಃಖ! ಇಂಥವನ್ನು ಹದಿನೆಂಟರ ವಯಸ್ಸಿನಲ್ಲಿ ನಾವು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆವಲ್ಲ ಎಂದು ನೆನೆದರೆ ನಿಜಕ್ಕೂ ಬೇಜಾರಾಗುತ್ತಿತ್ತು. ಹಾಡಿನ ಮೇಲಲ್ಲ, ನಮ್ಮ ಮೇಲೆ. ಆ ಬೇಜಾರನ್ನೇ ಸಿಟ್ಟಾಗಿ ಕಾಯಿಸಿ ಭಾನುವಾರ ಬಡಿಸುತ್ತಿದ್ದೆ.

ಏಳನೇ ವಾರಕ್ಕೆ ನಾನು ಆರಿಸಿಕೊಂಡದ್ದು ಲಿಫ್ಟಿನ ಹಾಡು. ‘ವಾರದ ಹತ್ತು’ ಪಟ್ಟಿಯಲ್ಲಿ ಹತ್ತೊಂಬತ್ತು ವಾರ ಮೊದಲನೇ ಸ್ಥಾನದಿಂದ ಅಲ್ಲಾಡದೆ ಕೂತ ಮಹಾಹಾಡು. ‘ನನ್ನೆದೆಯೊಂದು ಲಿಫ್ಟು ಚೆಲುವೆ, ಗುಂಡಿ ಒತ್ತು ಬಾ’ ಎಂದು ಶುರು. ಎರಡನೇ ಚರಣಕ್ಕೆ ಬಂದರೆ ‘ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತಿದೆ ನನ್ನ ಪ್ರೀತಿ, ಗುಂಡಿ ಒತ್ತು ಬಾ’. ಇದಕ್ಕಾಗಿ ನಾನು ಎಲ್ಲೂ ಹುಡುಕಬೇಕಿರಲಿಲ್ಲ. ಎರಡು ವರ್ಷದಿಂದ ದಿನಾ ಸಂಜೆ ಆರಕ್ಕೆ ನಮ್ಮ ಮನೆಯ ಗೋಡೆಯಾಚೆಯಿಂದ ಅದು ನನ್ನ ಕಿವಿಗೆ ಬಂದು ಬೀಳುತ್ತಿತ್ತು.

ಗೋಡೆಯಾಚೆ ಇದ್ದವರು ನಮ್ಮ ಮಾವ. ಮೂವತ್ತಾರು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಅದಕ್ಕೆ ಎರಡು ವರ್ಷ ಮೊದಲು ನಮ್ಮತ್ತೆ ತೀರಿಕೊಂಡರು. ಮಾವ ಒಂದು ಸೂಟ್‌ಕೇಸು, ಒಂದು ಹಳೆಯ ಟೇಪ್ ರೆಕಾರ್ಡರು ಹಿಡಿದು ನಮ್ಮ ಹಿಂದಿನ ಕೋಣೆಗೆ ಬಂದರು. ಬಂದವರು ಮಾತನ್ನು ಅಲ್ಲೇ ಬಿಟ್ಟು ಬಂದಿದ್ದರು. ಇಡೀ ದಿನಕ್ಕೆ ಹತ್ತು ಪದ, ಅದರಲ್ಲಿ ಆರು ‘ಬೇಡ’. ಆದರೆ ಆರು ಗಂಟೆ ಬಡಿದರೆ ಆ ಕ್ಯಾಸೆಟ್ಟು ಹಾಕುವರು. ಎರಡನೇ ಚರಣದ ಕೊನೆ ಬಂದೊಡನೆ ಟಕ್ ಎಂದು ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಅದನ್ನೇ ಮತ್ತೆ ಕೇಳುವರು. ಮತ್ತೆ ಸುತ್ತುವರು. ಆಮೇಲೆ ದೀಪ ಆರಿಸಿ ಕೂರುವರು.

ನನ್ನ ಹೆಂಡತಿ ಕನ್ನಡಕದ ಅಂಗಡಿ ನಡೆಸುತ್ತಾಳೆ. ನನ್ನ ಅಂಕಣವನ್ನು ಓದುವುದಿಲ್ಲ. “ದಿನಾ ಮನೇಲಿ ಪುಕ್ಕಟೆ ಕೇಳ್ತೀನಲ್ಲ, ಮತ್ತೆ ಪೇಪರಲ್ಲಿ ಬೇರೆ ಓದ್ಬೇಕಾ?” ಎನ್ನುತ್ತಾಳೆ. ಆದರೂ ಶುಕ್ರವಾರ ಊಟಕ್ಕೆ ಕೂತಾಗ ನನ್ನ ಯುದ್ಧಘೋಷಣೆ ಮಾಡಿದೆ.

“ಈ ವಾರ ಲಿಫ್ಟಿನ ಹಾಡು! ಮುಗಿಸಿಬಿಡ್ತೀನಿ!”

ಅವಳು ತಟ್ಟೆಯಿಂದ ತಲೆ ಎತ್ತಿದಳು. “ಹಾಡನ್ನ ಏನಾದ್ರೂ ಮಾಡ್ಕೊಳ್ಳಿ. ಆ ಕ್ಯಾಸೆಟ್ಟಿನ ತಂಟೆಗೆ ಮಾತ್ರ ಹೋಗ್ಬೇಡಿ. ಅಮ್ಮ ಹೋದ್ಮೇಲೆ ಅಪ್ಪ ಆ ಆರು ಗಂಟೆಗೋಸ್ಕರ ಬದುಕಿದ್ದಾರೆ.”

“ನಾನ್ಯಾಕೆ ಕ್ಯಾಸೆಟ್ ಮುಟ್ಲಿ? ನನ್ನ ಆಯುಧ ಲೇಖನಿ!”

ಲೇಖನಿ ಝಳಪಿಸಿದ್ದೇ ಝಳಪಿಸಿದ್ದು. ಎಂಟುನೂರು ಪದ! ಗಾಯಕನನ್ನು ಕೊಂದೆ, ಡ್ರಮ್ಮಿನವನನ್ನು ಹೂತೆ, ಕವಿಯನ್ನು ಮೂರಕ್ಕೂ ನಾಲ್ಕಕ್ಕೂ ನಡುವೆ ನೇತುಹಾಕಿದೆ. ಆದರೆ ನನ್ನ ಬ್ರಹ್ಮಾಸ್ತ್ರವನ್ನು ಉಳಿಸಿಕೊಂಡದ್ದು ಎರಡನೇ ಚರಣದ ಕೊನೆಗೆ. ಅಲ್ಲಿ ಒಬ್ಬ ಹೆಂಗಸು ಫಕ್ಕನೆ ನಗುತ್ತಾಳೆ. ‘ಇದೆಂಥ ನಗು? ಕಿರುಬಾಯಿಯ ಹೂಜಿಯಿಂದ ನೀರು ಸುರಿದ ಹಾಗೆ ಗುಳುಗುಳು ಎಂದು ಶುರುವಾಗಿ, ಬಿಕ್ಕಳಿಸಿ, ಅಂಗೈಯಲ್ಲಿ ಮುಚ್ಚಿಹೋಗುವ ಈ ನಗುವಿಗೂ ಹಾಡಿಗೂ ಏನು ಸಂಬಂಧ? ಪ್ರೇಮಿ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದರೆ ನಗುವ ಇವಳು ನಾಯಕಿಯೋ, ನರರಾಕ್ಷಸಿಯೋ? ಸಂಗೀತ ನಿರ್ದೇಶಕರ ಕೀಳು ಅಭಿರುಚಿಗೆ ಈ ನಗುವೇ ಸಾಕ್ಷಿ!’ ಎಂದು ಬರೆದು ಎರಡು ಸಲ ಓದಿಕೊಂಡು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಮಾವ ಭೂತಗನ್ನಡಿ ಹಿಡಿದು ಪೂರ್ತಿ ಓದಿದರು. ಪೇಪರು ಮಡಚಿಟ್ಟರು. “ನಗು ಬಗ್ಗೆ ಚೆನ್ನಾಗಿ ಬರ್ದಿದೀರಿ” ಎಂದರು. ಒಂದೇ ಉಸಿರಿಗೆ ನಾಲ್ಕು ಪದ! ನನಗೆ ಪ್ರಶಸ್ತಿ ಬಂದಷ್ಟು ಖುಷಿಯಾಯಿತು.

ಸೋಮವಾರ ಕಚೇರಿಗೆ ಕಾಲಿಟ್ಟರೆ ಫೋನುಗಳು ಬೊಬ್ಬೆ ಹೊಡೆಯುತ್ತಿವೆ. ಸಂಪಾದಕರ ಮುಖ ಕೊಡೆ ಮರೆತು ನೆನೆದವರ ಹಾಗಿತ್ತು.

“ನಲವತ್ತೊಂದು ಫೋನು ಬಂದಿದೆ. ಎಲ್ರೂ ಒಂದೇ ಮಾತು ಹೇಳ್ತಿದಾರೆ. ಆ ಹಾಡಲ್ಲಿ ಯಾರೂ ನಗೋದೇ ಇಲ್ವಂತೆ!”

“ಕಿವುಡರಿರಬೇಕು ಸಾರ್!”

“ನಲವತ್ತೊಂದು ಜನಾನೂ? ನಿಜ ಹೇಳಿ, ಹಾಡು ಕೇಳಿ ಬರೆದ್ರಾ, ಹಾಗೇ ಬರೆದ್ರಾ?”

ಹಾಗೇ ಬರೆದೆನೇ! ಇಪ್ಪತ್ತೆರಡು ವರ್ಷದ ನನ್ನ ವೃತ್ತಿಧರ್ಮದ ಮೇಲೆ ಕೊಚ್ಚೆ! “ಎರಡು ವರ್ಷದಿಂದ ದಿನಾ ಕೇಳ್ತಿದೀನಿ ಸಾರ್! ನಗು ಇದೆ! ನಾಳೆ ತಂದು ನಿಮ್ಮ ಮೇಜಿನ ಮೇಲೇ ನಗಿಸ್ತೀನಿ!”

“ನಗಿಸಿ. ಇಲ್ದಿದ್ರೆ ತಪ್ಪೊಪ್ಪಿಗೆ ಹಾಕಿ ಅಂಕಣ ಮುಚ್ಚೋಣ.”

ಈಗ ಯಾರಾದರೂ ಬುದ್ಧಿವಂತನಾಗಿದ್ದರೆ ಹೆಂಡತಿಯನ್ನು ಒಂದು ಮಾತು ಕೇಳುತ್ತಿದ್ದ. ನಾನು ಬುದ್ಧಿವಂತನಲ್ಲ, ವಿಮರ್ಶಕ. ನಲವತ್ತೊಂದು ಜನ ನನ್ನನ್ನು ಅನುಮಾನಿಸಿದ ಸುದ್ದಿ ಮನೆಯಲ್ಲಿ ಬಾಯಿಬಿಡಲು ಮನಸ್ಸಾಗಲಿಲ್ಲ. ಮಂಗಳವಾರ ಮಧ್ಯಾಹ್ನ ಮನೆಗೆ ಬಂದೆ. ಮಾವ ಗೋಡೆ ಕಡೆ ತಿರುಗಿ ಮಲಗಿದ್ದರು. ಟೇಪ್ ರೆಕಾರ್ಡರಿನ ಬಾಗಿಲು ತೆಗೆದೆ, ಕ್ಯಾಸೆಟ್ಟು ಜೇಬಿಗಿಳಿಸಿದೆ. ಆರು ಗಂಟೆಯೊಳಗೆ ತಂದಿಟ್ಟರಾಯಿತಲ್ಲ! ಕಳ್ಳನಿಗೂ ಒಂದು ಪಿಳ್ಳೆನೆವ ಇರುತ್ತದೆ.

ಸಂಪಾದಕರ ಕೋಣೆಯಲ್ಲಿ ಸಂಪಾದಕರು, ನಾನು, ಜೊತೆಗೆ ನಮ್ಮ ಪತ್ರಿಕೆಯ ಹಳೇ ಕಡತಗಳ ಕೋಣೆ ನೋಡಿಕೊಳ್ಳುವ ಕತ್ತರಿ. ನಲವತ್ತು ವರ್ಷದಿಂದ ಸುದ್ದಿ ಕತ್ತರಿಸಿ ಅಂಟಿಸುವುದೇ ಕೆಲಸವಾದ್ದರಿಂದ ಅವರಿಗೆ ಆ ಹೆಸರು. ನಾನು ಸಂದರ್ಶನಗಳಿಗೆ ಬಳಸುತ್ತಿದ್ದ ಹಳೆಯ ರೆಕಾರ್ಡರನ್ನು ಡ್ರಾಯರಿನಿಂದ ತೆಗೆದು ಕ್ಯಾಸೆಟ್ಟು ಹಾಕಿದೆ. ಹಾಡು ಬಂತು. ಎರಡನೇ ಚರಣ ಬಂತು. ಗುಳುಗುಳು ಎಂದು ಆ ನಗುವೂ ಬಂತು!

“ಕೇಳಿಸ್ತಾ!” ಎಂದು ನಾನು ಯಂತ್ರ ನಿಲ್ಲಿಸಿ ಮೇಜು ಗುದ್ದಿದೆ.

ಕತ್ತರಿ ಕನ್ನಡಕ ತೆಗೆದು ಒರೆಸಿಕೊಂಡರು. “ಇದು ಹಾಡಿನ ನಗು ಅಲ್ಲ. ಮನೆ ನಗು.”

“ಅಂದ್ರೆ?”

“ಆಗೆಲ್ಲ ಹೀಗೇ ಅಲ್ವಾ ಮಾಡ್ತಿದ್ದಿದ್ದು? ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತೋದು. ಹಾಡು ಮುಗಿಯೋವರೆಗೂ ಮನೆಯವರೆಲ್ಲ ಉಸಿರು ಬಿಗಿ ಹಿಡ್ಕೊಂಡು ಕೂರೋದು. ನಮ್ಮನೆ ಕ್ಯಾಸೆಟ್ಟಲ್ಲಿ ನಮ್ಮಣ್ಣನ ಸೀನು ಇದೆ. ಇದ್ರಲ್ಲಿ ಯಾರೋ ತಡ್ಕೊಳ್ಳೋಕಾಗ್ದೆ ನಕ್ಕಿದಾರೆ.”

ಸಂಪಾದಕರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಅಂದ್ರೆ ನೀವು ಯಾರದೋ ಮನೆಯವರ ನಗುವಿಗೆ ವಿಮರ್ಶೆ ಬರೆದ್ರಿ!”

ಇಲ್ಲಿ ನಾನು ಸೋಲೊಪ್ಪಿಕೊಂಡಿದ್ದರೆ ಎಲ್ಲ ಉಳಿಯುತ್ತಿತ್ತು. ಆದರೆ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! “ಸಾಧ್ಯವೇ ಇಲ್ಲ! ಇದು ಸ್ಟುಡಿಯೋ ನಗು!” ಎಂದು ಕೂಗಿ ಟೇಪನ್ನು ಚೂರು ಹಿಂದಕ್ಕೆ ಸುತ್ತಿದೆ. “ಕಿವಿಗೊಟ್ಟು ಕೇಳಿ! ಇಲ್ಲೇ, ಈಗಲೇ ಬರುತ್ತೆ ಆ ಕೆಟ್ಟ ನಗು!” ಎನ್ನುತ್ತ ಗುಂಡಿ ಒತ್ತಿದೆ.

ಹಾಡು ಬರಲಿಲ್ಲ.

“ಏನೂ ಕೇಳಿಸ್ತಿಲ್ಲವಲ್ರೀ?” ಎಂದರು ಸಂಪಾದಕರು.

“ಸ್ವಲ್ಪ ತಾಳಿ ಸಾರ್!”

ಕತ್ತರಿ ಕೈ ಚಾಚಿ ಪಟ್ಟನೆ ಯಂತ್ರ ನಿಲ್ಲಿಸಿದರು. “ಏನ್ರೀ ಮಾಡ್ತಿದೀರಾ? ಕೆಂಪು ದೀಪ ಉರೀತಿದೆ!”

ಇಪ್ಪತ್ತೆರಡು ವರ್ಷದ ಸಂದರ್ಶನಗಳು ಸ್ವಾಮಿ! ಆ ಯಂತ್ರ ಕಂಡರೆ ಸಾಕು, ನನ್ನ ಹೆಬ್ಬೆರಳು, ತೋರುಬೆರಳು ಎರಡೂ ಒಟ್ಟಿಗೆ ಹೋಗಿ ಎರಡು ಗುಂಡಿಗಳನ್ನೂ ಅದುಮುತ್ತವೆ. ರೆಕಾರ್ಡ್ ಮಾಡಲು ಹಾಗೇ ಅದುಮಬೇಕು, ಆಗ ಹಳೆಯದು ಅಳಿಸಿ ಹೊಸದು ಕೂರುತ್ತದೆ. ಮೊದಲ ಸಲ ಎಚ್ಚರವಾಗಿ ಒಂದೇ ಒತ್ತಿದ್ದೆ. ಎರಡನೇ ಸಲ ಸಿಟ್ಟಿನಲ್ಲಿದ್ದೆ. ಮತ್ತೆ ಸುತ್ತಿ, ಒಂದೇ ಗುಂಡಿ ಒತ್ತಿದೆ. ‘ಮೂರಕ್ಕೂ ನಾಲ್ಕಕ್ಕೂ ನಡುವೆ’ ಎಂದ ಗಾಯಕ. ಕಟಕ್. ಆಮೇಲೆ ನನ್ನ ಗಂಟಲು: ‘...ಬರುತ್ತೆ ಆ ಕೆಟ್ಟ ನಗು!’ ಸಂಪಾದಕರ ಗಂಟಲು: ‘ಏನೂ ಕೇಳಿಸ್ತಿಲ್ಲವಲ್ರೀ?’ ಮತ್ತೆ ನಾನು: ‘ಸ್ವಲ್ಪ ತಾಳಿ ಸಾರ್!’ ಕಟಕ್. ಬಕೆಟ್ಟಿನ ಡ್ರಮ್ಮು ಯಥಾಪ್ರಕಾರ ಮುಂದುವರಿಯಿತು.

ಕೋಣೆಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. “ಯಾರ ಮನೆ ಕ್ಯಾಸೆಟ್ಟು ಇದು?” ಎಂದು ಕತ್ತರಿ ಮೆಲ್ಲಗೆ ಕೇಳಿದರು. ಆಗ ನನಗೆ ಹೊಳೆಯಿತು. ಮಾವನ ಮನೆ. ಮಾವನ ರೇಡಿಯೋ. ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತವರು ಇನ್ಯಾರಿರುತ್ತಾರೆ? ಅಂಕಣವೂ ಬೇಡ, ಮೀಸೆಯೂ ಬೇಡ, ಆ ಮೂರು ಸೆಕೆಂಡು ವಾಪಸು ಬಂದರೆ ಸಾಕು ಎನಿಸಿತು.

ಸೀದಾ ಹೆಂಡತಿಯ ಅಂಗಡಿಗೆ ಓಡಿದೆ. ಅವಳು ಕಣ್ಣು ಪರೀಕ್ಷೆಯ ಕತ್ತಲು ಕೋಣೆಯಲ್ಲಿ ಮಸೂರಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದಳು.

“ಲೇ, ಆ ಹಾಡಿನ ಮಧ್ಯೆ ಒಂದು ನಗು ಇದೆಯಲ್ಲ, ಅದು ಯಾರದು?”

“ಯಾರದು ಅಂದ್ರೆ? ಅಮ್ಮಂದು! ಎರಡು ವರ್ಷ ಗೋಡೆ ಪಕ್ಕದಲ್ಲೇ ಕೂತು ಕೇಳಿದೀರಿ, ಗೊತ್ತಿಲ್ವಾ ನಿಮಗೆ?”

ನನಗೆ ಹೇಗೆ ಗೊತ್ತಾಗಬೇಕು? ನಾನು ಅಳಿಯನಾಗಿ ಬರುವ ಹೊತ್ತಿಗೇ ಅತ್ತೆಯ ಶ್ವಾಸಕೋಶ ಕೆಟ್ಟಿತ್ತು. ಅವರು ನಗಲು ಬಾಯಿ ತೆರೆದರೆ ಬರುತ್ತಿದ್ದದ್ದು ಕೆಮ್ಮು. ನಾನು ಎಲ್ಲವನ್ನೂ ಹೇಳಿದೆ. ಎರಡು ಗುಂಡಿಯ ಕಥೆಯನ್ನೂ ಹೇಳಿದೆ. ಅವಳು ಮಸೂರದ ಪೆಟ್ಟಿಗೆ ಮುಚ್ಚಿ ಪಕ್ಕದ ಸ್ಟೂಲಿನ ಮೇಲೆ ಕೂತಳು.

“ಫೋನಲ್ಲಿ ಅತ್ತೆಯ ವಿಡಿಯೋ ಇವೆಯಲ್ಲ...” ಎಂದೆ.

“ಇವೆ. ಎಲ್ಲಾದ್ರಲ್ಲೂ ಕೆಮ್ತಾಳೆ.” ಅವಳು ಕಣ್ಣೊರೆಸಿಕೊಂಡಳು. “ಅಮ್ಮನ ನಗು ಅಂತ ಇದ್ದಿದ್ದು ಅದೊಂದೇ. ನಿಮ್ಮ ಕಿವಿಗೆ ಯಾವ ಗಾಜು ಹಾಕ್ಲಿ ನಾನು? ಹೋಗಿ, ನೀವೇ ಹೇಳಿ ಅಪ್ಪಂಗೆ. ನನ್ನ ಕೈಲಾಗಲ್ಲ.”

ಮನೆಗೆ ಬಂದಾಗ ಆರಾಗಲು ಐದು ನಿಮಿಷ. ಮಾವ ಮಂಚದ ಕೆಳಗೆ ಟಾರ್ಚು ಬಿಟ್ಟು ಹುಡುಕುತ್ತಿದ್ದರು. ದಿಂಬುಗಳು ನೆಲದ ಮೇಲಿದ್ದವು. ನಾನು ಕ್ಯಾಸೆಟ್ಟು ಚಾಚಿದೆ. ಅವರು ಒಂದು ಮಾತೂ ಕೇಳದೆ ತೆಗೆದುಕೊಂಡು ಹಾಕಿದರು. ಕುರ್ಚಿ ಹತ್ತಿರಕ್ಕೆಳೆದು ಕೂತರು.

ಹಾಡು ಬಂತು. ನನ್ನ ದನಿಯೂ ಬಂತು. ಮಾವ ನಿಲ್ಲಿಸಿದರು. ಹಿಂದಕ್ಕೆ ಸುತ್ತಿ ಮತ್ತೆ ಕೇಳಿದರು. ಟೇಪನ್ನು ಹೊರತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿದರು. ‘ಸ್ವಲ್ಪ ತಾಳಿ ಸಾರ್!’ ಎಂದು ಟೇಪಿನೊಳಗಿಂದ ನಾನು ಮೂರನೇ ಸಲ ಕೂಗಿದೆ. ನನ್ನ ದನಿ ಇಷ್ಟು ಕರ್ಕಶ ಎಂದು ಯಾರೂ ನನಗೆ ಹೇಳಿರಲಿಲ್ಲ.

“ಮಾವ, ನಾನೇ... ಕಚೇರಿಗೆ ತಗೊಂಡು ಹೋಗಿದ್ದೆ. ತಪ್ಪು ಗುಂಡಿ ಒತ್ತಿಬಿಟ್ಟೆ. ಅತ್ತೆಯವರದು ಅಂತ ಗೊತ್ತಿರ್ಲಿಲ್ಲ.”

ಬೈಯುತ್ತಾರೆ, ಬೈಯಲಿ ಎಂದು ಕಾದೆ.

“ಕೂತ್ಕೊಳ್ಳಿ ಅಳಿಯಂದ್ರೇ. ಹಾಡಿನ ಬಗ್ಗೆ ನೀವು ಬರ್ದಿದ್ದು ಪೂರ್ತಿ ಸರಿ. ದರಿದ್ರ ಹಾಡು.”

“ಮತ್ತೆ ನೀವು ಅದನ್ನ...”

“ಆಗ ಪ್ರಾಣ ಬಿಡ್ತಿದ್ದೆ. ನನ್ನ ಕಸುಬಿನ ಮೇಲೂ ಒಬ್ಬ ಹಾಡು ಬರೆದನಲ್ಲಾ ಅಂತ ಹಿಗ್ಗಿ, ವಾರವಾರ ಕಾರ್ಡು ಹಾಕ್ತಿದ್ದೆ. ಉಸಿರು ಬಿಟ್ಟೀಯ ಜೋಕೆ ಅಂತ ಅವಳಿಗೆ ಹೇಳಿ ರೆಕಾರ್ಡ್ ಮಾಡೋಕೆ ಕೂತೆ. ನಿಂತುಹೋದ ಲಿಫ್ಟಿಗೆ ಗುಂಡಿ ಒತ್ತು ಬಾ ಅಂತಾನಲ್ಲ? ಕೆಟ್ಟು ನಿಂತ ಲಿಫ್ಟು ಗುಂಡಿ ಒತ್ತಿದ್ರೆ ಏಳುತ್ತಾ? ಅಲ್ಲಿ ನಕ್ಕುಬಿಟ್ಟಳು. ಹಾಡು ಕೆಡಿಸಿದ್ಲು ಅಂತ ಎಂಟು ದಿನ ನಾನು ಮಾತು ಬಿಟ್ಟೆ. ಒಂಬತ್ತನೇ ದಿನ ಎಲ್ಲೋ ಒಂದು ಲಿಫ್ಟು ಅರ್ಧದಲ್ಲಿ ನಿಂತಿತ್ತು. ನಾನು ಮೇಲಿಂದ ಇಣುಕಿ ನೋಡ್ತೀನಿ, ಒಳಗಿದ್ದವನು ಬೆವರು ಸುರಿಸ್ಕೊಂಡು ಗುಂಡಿ ಒತ್ತುತಾನೇ ಇದಾನೆ! ಅಲ್ಲೇ ಕೂತು ನಕ್ಕೆ. ಮನೆಗೆ ಹೋಗಿ ಅವಳ ಮುಂದೆ ತಪ್ಪೊಪ್ಕೊಂಡೆ.”

ಎರಡು ವರ್ಷದಲ್ಲಿ ಅವರು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. ಕ್ಯಾಸೆಟ್ಟನ್ನು ಹೊರತೆಗೆದು, ಅದರ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿದರು.

“ಆ ಹಾಡಿಗೆ ಸರಿಯಾದ ವಿಮರ್ಶೆ ಅಂತ ಇದ್ದಿದ್ದು ಅದೊಂದೇ, ಮೂರು ಸೆಕೆಂಡಿಂದು. ಅದನ್ನ ಅಳಿಸಿ ನಿಮ್ಮದನ್ನ ಹಾಕಿದೀರಿ.”